ಹೊಸ್ತಿಲು ದಾಟದ ಕೆಂಡ

"ಮೂಸಿ ನೋಡ್ರಿ. ಕುಡೀಬ್ಯಾಡ್ರಿ. ನಾನೂ ಕುಡಿಯಂಗಿಲ್ಲ."

ಬಾರ್ ಕೌಂಟರಿನ ಆಚೆ ನಿಂತಿದ್ದವನು ಗಾಜಿನ ಲೋಟವೊಂದನ್ನು ಭವಾನಿಯ ಮುಂದೆ ಸರಿಸಿದ.

ಭವಾನಿ ಬಂದದ್ದು ಜಗಳಕ್ಕೆ. ಅವಳ ಅಡುಗೆಮನೆಗೆ ಹೊಗೆ ನುಗ್ಗಿ, ಇಳಿಸಿಟ್ಟ ಪಲಾವಿಗೆ ಸುಟ್ಟ ರಬ್ಬರಿನಂಥ ವಾಸನೆ ಹಿಡಿದಿತ್ತು. ಹೊಗೆಯ ಜಾಡು ಹಿಡಿದು ಹೊರಟವಳು ಸಿಟ್ಟಿನ ಭರದಲ್ಲಿ ಬಾರಿನ ಬಾಗಿಲು ದಾಟಿಬಿಟ್ಟಿದ್ದಳು. ಗಂಗಾವತಿಯ ಹೊರವಲಯದ ಈ ಹೋಟೆಲಿನ ಅಡುಗೆಮನೆಯನ್ನು ಆರು ವರ್ಷದಿಂದ ನಡೆಸುತ್ತಿದ್ದರೂ ಆ ಬಾಗಿಲೊಳಗೆ ಅವಳು ಕಾಲಿಟ್ಟದ್ದು ಅದೇ ಮೊದಲು.

ಬಾರಿನವನು, ತಾನು ಕುಡಿಯುವುದಿಲ್ಲ ಎನ್ನುತ್ತಿದ್ದಾನೆ...

ಅವಳು ಲೋಟವನ್ನು ಮೂಗಿನ ಹತ್ತಿರ ತಂದಳು. ತಕ್ಷಣ ಕೆಳಗಿಟ್ಟಳು.

"ಇದು ಹೊಗಿ ಅಲ್ಲ. ಸುಟ್ಟದ್ದು."

"ಎರಡಕ್ಕೂ ಏನ್ ಫರಕ್ರಿ?"

"ಹೊಗಿ ವಾಸನಿಗೆ ಹಸಿವು ಏಳತೈತಿ. ಸುಟ್ಟ ವಾಸನಿಗೆ ಇದ್ದ ಹಸಿವೂ ಸಾಯತೈತಿ. ನನ್ನ ಪಲಾವ್ ಈಗ ಸತ್ತೈತಿ, ಬಂದು ನೋಡ್ರಿ."

ಅವನು ನಗಲಿಲ್ಲ. ಲೋಟವನ್ನು ಸಿಂಕಿಗೆ ಸುರಿದು, ಹಾಗಾದರೆ ಒಳ್ಳೆಯ ಹೊಗೆ ಎಲ್ಲಿ ಸಿಗುತ್ತದೆ ಎಂದು ಕೇಳಿದ. ಕೇಳಿದ ಧಾಟಿಯಲ್ಲಿ ಕುಚೋದ್ಯವಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕಾದವನ ಹಾಗೆ ಅವಳ ಮುಖವನ್ನೇ ನೋಡುತ್ತಿದ್ದ.

ಭವಾನಿ ಹೊರಟುಹೋದಳು. ಆದರೆ ಆ ಕಣ್ಣು ಅವಳ ಬೆನ್ನ ಹಿಂದೆಯೇ ಅಡುಗೆಮನೆಗೆ ಬಂತು.

ಅವನ ಹೆಸರು ತಿರುಮಲೇಶ. ಊರು ಕುಷ್ಟಗಿ ತಾಲ್ಲೂಕಿನ ಹನುಮಸಾಗರ. ಗೋವಾದ ಹೋಟೆಲುಗಳಲ್ಲಿ ಬಹಳ ವರ್ಷ ಬಾರ್‌ಟೆಂಡರ್ ಆಗಿದ್ದು, ಆಮೇಲೆ ಮೂರು ವರ್ಷ ಊರಲ್ಲಿ ಅಣ್ಣನ ದಾಳಿಂಬೆ ತೋಟದಲ್ಲಿ ಸುಮ್ಮನಿದ್ದು, ಈಗ ತನಗೆ ಬರುವ ಒಂದೇ ಕೆಲಸಕ್ಕೆ ಮರಳಿದ್ದ. ಹಂಪಿ ನೋಡಲು ಬರುವವರ ಕಾಲ ಶುರುವಾಗುವುದು ದಸರೆಯ ರಜೆಯಿಂದ. ಮಳೆ ನಿಂತು, ಕಾಲುವೆ ಗದ್ದೆಗಳಲ್ಲಿ ಭತ್ತ ತೆನೆ ಕಟ್ಟಿ, ಬೆಳಗಿನಲ್ಲಿ ಇಬ್ಬನಿ ಬೀಳುವ ಆ ಶರತ್ಕಾಲಕ್ಕೆ ಒಪ್ಪುವಂಥ ಒಂದು ವಿಸ್ಕಿ ಕಾಕ್‌ಟೇಲ್ ಬೇಕೆಂದು ಮಾಲೀಕ ಉಮಾಪತಿ ಪಟ್ಟು ಹಿಡಿದಿದ್ದ. ಅದರಲ್ಲಿ ಹೊಗೆಯ ವಾಸನೆ ಇರಬೇಕು. ಹೊರಗಿನಿಂದ ತಂದ ಹೊಗೆಯಾಗಿರಬಾರದು, ಈ ಸೀಮೆಯದಾಗಿರಬೇಕು.

ಉಮಾಪತಿ ಸ್ವತಃ ಮಜ್ಜಿಗೆಗಿಂತ ಬಿರುಸಾದದ್ದೇನನ್ನೂ ಕುಡಿದವನಲ್ಲ. ಮರುದಿನ ಅವನು ಭವಾನಿಯನ್ನು ಕರೆಸಿ, ತಿರುಮಲೇಶನಿಗೆ ಸ್ವಲ್ಪ ಮೂಗು ಎರವಲು ಕೊಡಬೇಕೆಂದು ಕೇಳಿಕೊಂಡ. ಅವಳು ಒಪ್ಪಲಿಲ್ಲ. ತಮ್ಮ ಮನೆಯೊಳಗೆ ಆ ಬಾಟಲಿ ಯಾವತ್ತೂ ಬಂದಿಲ್ಲ ಎಂದಳು.

"ಮನಿಗೆ ಯಾರ್ ತರತಾರವಾ? ಬರೇ ಮೂಸೂದು. ನೋಡು, ನಾ ಕುಡಿಯಂಗಿಲ್ಲ, ಅವ ಕುಡಿಯಂಗಿಲ್ಲ, ನೀ ಕುಡಿಯಂಗಿಲ್ಲ. ಮೂರು ಮಂದಿ ಸನ್ಯಾಸಿಗಳು ಸೇರಿ ಊರಿಗೆಲ್ಲ ಕುಡಸಾಕ ಹೊಂಟೀವಿ. ಪಾಪ ಬಂದ್ರ ಮೂರು ಪಾಲು ಮಾಡೂಣಂತ."

ಭವಾನಿಗೆ ನಗು ಬಂತು. ಅಷ್ಟಕ್ಕೇ ಒಪ್ಪಿದಂತಾಯಿತು.

ವಿಸ್ಕಿಯೊಳಗಿನ ಸಿಹಿಗೆ ತಿರುಮಲೇಶ ಅಣ್ಣನ ತೋಟದ ದಾಳಿಂಬೆ ತರಿಸಿದ್ದ. ರಸಕ್ಕೆ ಬೆಲ್ಲ ಹಾಕಿ, ಅರ್ಧಕ್ಕೆ ಇಳಿಯುವ ತನಕ ಕುದಿಸಿ ಪಾಕ ಮಾಡುತ್ತಿದ್ದ. ಒಂದು ಚಿಟಿಕೆ ಒಣಶುಂಠಿ. ಕಹಿಗೆ ಗಜನಿಂಬೆಯ ಸಿಪ್ಪೆ ನೆನೆಸಿದ ನಾಲ್ಕು ಹನಿ. ಅಲ್ಲಿಗೆ ಎಲ್ಲ ಸರಿ. ಹೊಗೆ ಮಾತ್ರ ಕೈಗೆ ಸಿಗುತ್ತಿರಲಿಲ್ಲ. ಕಾರಟಗಿಯ ಅಕ್ಕಿ ಗಿರಣಿಯಿಂದ ತಂದ ಭತ್ತದ ಹೊಟ್ಟು ಮಸಿ ಕಾರಿತು. ತೆಂಗಿನ ಕರಟದ ಹೊಗೆ ಕಣ್ಣು ಚುಚ್ಚಿತು. ಹುಣಸೆ ಕಟ್ಟಿಗೆ ಗಂಟಲಲ್ಲಿ ಒಗರಾಗಿ ನಿಂತಿತು. ಪ್ರತಿ ಸಲ ಭವಾನಿ ಲೋಟ ಮೂಸಿ ತಲೆಯಾಡಿಸುತ್ತಿದ್ದಳು, ಅವನು ಸಿಂಕಿಗೆ ಸುರಿಯುತ್ತಿದ್ದ.

ಒಂದು ಮಧ್ಯಾಹ್ನ ಅವಳಿಗೆ ತನ್ನ ತಾಯಿಯ ಹಾಲಿನ ಗಡಿಗೆ ನೆನಪಾಯಿತು.

ಭವಾನಿಯ ಮನೆ ಹಿರೇಜಂತಕಲ್‌ನಲ್ಲಿ. ಊರು ಬೆಳೆದು ಗಂಗಾವತಿಯೊಳಗೆ ಸೇರಿಹೋದರೂ ಅವಳ ತಾಯಿ ಶೇಖರಮ್ಮ ಹಿತ್ತಲಿನ ಒಲೆಯನ್ನು ಬಿಟ್ಟಿರಲಿಲ್ಲ. ಯಲಬುರ್ಗಾದ ತವರಿನಿಂದ ವರ್ಷಕ್ಕೊಮ್ಮೆ ಬರುವ, ಕಾಳು ಬಿಡಿಸಿದ ಮೆಕ್ಕೆಜೋಳದ ಬೆಂಡುಗಳೇ ಅದಕ್ಕೆ ಉರುವಲು. ರೊಟ್ಟಿ ಮುಗಿದ ಮೇಲೆ ಬೆಂಡಿನ ಕೆಂಡವನ್ನು ಬೂದಿಯಲ್ಲಿ ಮುಚ್ಚಿ, ತೊಳೆದ ಗಡಿಗೆಯನ್ನು ಅದರ ಮೇಲೆ ಬೋರಲು ಹಾಕುತ್ತಿದ್ದಳು. ಗಡಿಗೆಗೆ ಹೊಗೆ ಕುಡಿಸುವುದು ಎಂದು ಅದಕ್ಕೆ ಹೆಸರು. ಹಾಗೆ ಮಾಡಿದ ಗಡಿಗೆಯಲ್ಲಿ ಹಾಲು ಬೇಗ ಕೆಡುವುದಿಲ್ಲ. ಹಾಲಿಗೆ ಎಲ್ಲೋ ದೂರದ ಹೊಲದಲ್ಲಿ ಬೆಂಕಿ ಹಾಕಿದಂಥ ಒಂದು ತೆಳು ಪರಿಮಳ ಇರುತ್ತದೆ.

ಅಂದು ಸಂಜೆಗೆ ಮುಂಚೆ ತಿರುಮಲೇಶ ಕಬ್ಬಿಣದ ಬಾಣಲೆ ಹಿಡಿದು ಅವರ ಮನೆಯ ಬಾಗಿಲಲ್ಲಿ ನಿಂತ. ಕೆಂಡ ಯಾಕೆ ಬೇಕೆಂದು ಶೇಖರಮ್ಮ ಕೇಳಿದಳು. ಭವಾನಿ ಏನೋ ಸುಳ್ಳು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವನೇ ಹೇಳಿಬಿಟ್ಟ.

"ಕುಡಿಯೋರ ಲೋಟಕ್ಕರಿ, ಅವ್ವಾರ."

"ನೀ ಕುಡೀತಿಯೇನಪಾ?"

"ಈಗ ಇಲ್ಲರಿ."

ಶೇಖರಮ್ಮ ಅವನನ್ನು ಅಡಿಯಿಂದ ಮುಡಿಯ ತನಕ ನೋಡಿದಳು. ಬೆಂಕಿಗೆ ಮೈಲಿಗೆ ಇಲ್ಲ ಎಂದು ತನಗೆ ತಾನೇ ಹೇಳಿಕೊಂಡು, ಒಲೆಯ ಬೂದಿ ಸರಿಸಿ ಮೂರು ಕೆಂಡ ಹಾಕಿದಳು.

ಆ ದಿನ ಬಾರಿಗೆ ಮರಳಿದ ಮೇಲೆ ಆ ಕೆಂಡದ ಮೇಲೆ ಗಡಿಗೆ ಬೋರಲು ಹಾಕಿದವಳು ಭವಾನಿ. ಹೊಗೆ ತುಂಬಿದ ಗಡಿಗೆಯನ್ನು ಮೇಲಕ್ಕೆ ತಿರುಗಿಸಿದೊಡನೆ ಅವನು ವಿಸ್ಕಿ, ದಾಳಿಂಬೆ ಪಾಕ ಎಲ್ಲವನ್ನೂ ಸುರಿದು ತಟ್ಟೆ ಮುಚ್ಚಿದ. ಸ್ವಲ್ಪ ಹೊತ್ತು ಬಿಟ್ಟು ಮಂಜುಗಡ್ಡೆಯ ಮೇಲೆ ಸೋಸಿದ. ಅವಳು ಮೂಸಿದಳು. ಇನ್ನೊಮ್ಮೆ ಮೂಸಿದಳು.

"ಸುರೀಬ್ಯಾಡ್ರಿ," ಎಂದಳು ಮೆಲ್ಲಗೆ.

ಅವನು ಲೋಟವನ್ನು ಬೆಳಕಿಗೆ ಹಿಡಿದ. ಅದರ ಅಂಚು ಅವನ ತುಟಿಯಿಂದ ಒಂದು ಗೇಣು ದೂರ ಇತ್ತು. ಅಲ್ಲಿಯೇ ಅದು ನಿಂತದ್ದನ್ನೂ, ಅವನು ಅದನ್ನು ಕೌಂಟರಿನ ದೂರದ ತುದಿಗೆ ಒಯ್ದು ಇಟ್ಟದ್ದನ್ನೂ ಭವಾನಿ ನೋಡಿದಳು.

*ಇವನಿಗೆ ಇದು ಬರೀ ಕೆಲಸವಲ್ಲ...* ಎನ್ನಿಸಿತು ಅವಳಿಗೆ. ಏನೆಂದು ತಿಳಿಯಲಿಲ್ಲ.

ಅಂದಿನಿಂದ ಅವನು ದಿನವೂ ಕೆಂಡಕ್ಕೆ ಬರತೊಡಗಿದ. ಶೇಖರಮ್ಮ ಅವನಿಗೆ ಚಹಾ ಕೊಡತೊಡಗಿದಳು. ಅವನು ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಗೋವಾದ ಸಮುದ್ರದ ಸುದ್ದಿ ಹೇಳಿ ಮುದುಕಿಯನ್ನು ನಗಿಸುತ್ತಿದ್ದ. ಭವಾನಿಗೆ ಮೂವತ್ತೆರಡು ದಾಟಿತ್ತು. ಹೆಣ್ಣು ನೋಡುವವರು ಬರುವುದು ನಿಂತಿತ್ತು. ಆ ವಿಷಯದಲ್ಲಿ ತನಗೆ ದುಃಖವಿಲ್ಲ ಎಂದು ಅವಳು ನಂಬಿಕೊಂಡಿದ್ದಳು. ಈಗ ಸಂಜೆಯಾಗುತ್ತಿದ್ದಂತೆ ಬೀದಿಯಲ್ಲಿ ಬೈಕಿನ ಸದ್ದಿಗೆ ಕಿವಿ ನಿಮಿರುತ್ತಿತ್ತು. ತಾನು ಹೆರಳು ಹಾಕಿಕೊಳ್ಳುವ ಹೊತ್ತು ಬೆಳಗಿನಿಂದ ಮಧ್ಯಾಹ್ನಕ್ಕೆ ಸರಿದದ್ದು ಯಾವಾಗ ಎಂದು ಅವಳಿಗೇ ಗೊತ್ತಾಗಲಿಲ್ಲ.

ಮಹಾನವಮಿ ಅಮಾವಾಸ್ಯೆಯ ದಿನ, ಹೋಟೆಲಿನ ಹಿಂದಿನ ಕಟ್ಟೆಯ ಮೇಲೆ ದಾಳಿಂಬೆ ಬಿಡಿಸುತ್ತ ಕೂತಿದ್ದಾಗ ಅವಳೇ ಬಾಯಿ ಬಿಟ್ಟಳು.

"ನಮ್ಮವ್ವನ ಮುಂದ ಕುಂತು ಒಂದು ಮಾತು ಕೇಳ್ರಿ. ಆಕಿ ಬ್ಯಾಡ ಅನ್ನಂಗಿಲ್ಲ."

ಅವನ ಬೆರಳುಗಳು ನಿಂತವು. ಆಮೇಲೆ, ಬೇರೆ ಯಾರದೋ ವಿಷಯ ಹೇಳುವವನ ಹಾಗೆ, ಎಲ್ಲವನ್ನೂ ಒಂದೇ ಸಮನೆ ಹೇಳಿದ.

ಗೋವಾದಲ್ಲಿ ಅವನು ಇತರರಿಗೆ ಬೆರೆಸಿದಷ್ಟೇ ತಾನೂ ಕುಡಿದಿದ್ದ. ಯಕೃತ್ತು ಗಂಟುಗಟ್ಟಿತ್ತು. ಹೋದ ವರ್ಷ ಹೊಟ್ಟೆಯಲ್ಲಿ ನೀರು ತುಂಬಿ ಹುಬ್ಬಳ್ಳಿಯಲ್ಲಿ ತೆಗೆಸಿದ್ದರು. ಹೃದಯದ ಸ್ನಾಯುವೂ ಸೋತಿದ್ದರಿಂದ ಯಕೃತ್ತಿನ ಕಸಿ ಮಾಡುವಂತಿರಲಿಲ್ಲ. ಹನಿಯೂ ಮುಟ್ಟದಿದ್ದರೆ ಕೆಲವು ವರ್ಷ ಎಂದಿದ್ದರು ವೈದ್ಯರು. ಮುಟ್ಟಿದರೆ ತಿಂಗಳುಗಳ ಲೆಕ್ಕ.

"ಮೂರು ವರ್ಷ ಆತು ಮುಟ್ಟಿ. ಆದ್ರೂ ನಾ ಮುದುಕ ಆಗೂ ಗಂಡಸಲ್ಲರಿ. ನೀವು ನಾಳಿ ತನಕ ವಿಚಾರ ಮಾಡ್ರಿ. ನಾ ದಿನದಂಗ ಕೆಂಡಕ್ಕ ಬರ್ತೀನಿ."

ಬಾಯಿ ತೆರೆದರೆ ಅಳು ಬರುತ್ತದೆಂದು ಭವಾನಿಗೆ ಗೊತ್ತಿತ್ತು. ಎದ್ದು ಹೋದಳು. ಬೆನ್ನು ತಿರುಗಿಸಿ ಹೋದವಳನ್ನು ಅವನು ಹೇಗೆ ಕಂಡನೋ, ಅದು ಅವಳಿಗೆ ಆಗ ಹೊಳೆಯಲಿಲ್ಲ.

ಬೆಳಗಾಗುವುದರೊಳಗೆ ಅವಳು ತೀರ್ಮಾನಿಸಿದ್ದಳು. ಕೆಲವು ವರ್ಷವಾದರೆ ಕೆಲವು ವರ್ಷ. ಅಷ್ಟೂ ವರ್ಷ ಅವನ ತುಟಿಗೂ ಲೋಟಕ್ಕೂ ನಡುವೆ ತಾನಿರಬೇಕು. ಇವತ್ತು ಹೋಟೆಲಿನಲ್ಲಿ ಅವನನ್ನು ಒಂದು ಬದಿಗೆ ಕರೆದು ಹೂಂ ಎಂದುಬಿಡಬೇಕು...

ಅದು ನವರಾತ್ರಿಯ ಮೊದಲ ದಿನ. ಶೇಖರಮ್ಮನ ಮನೆದೇವರು ತುಳಜಾಭವಾನಿ. ಮಗಳ ಹೆಸರೂ ಅದರಿಂದಲೇ. ಬೆಳಿಗ್ಗೆ ದೇವರ ಮುಂದೆ ಮಣ್ಣು ಹರಡಿ, ಐದು ಧಾನ್ಯ ಬಿತ್ತಿ, ಘಟ ಕೂಡಿಸಿ, ಒಂಬತ್ತು ದಿನ ಆರಬಾರದ ದೀಪ ಹಚ್ಚಿದರು. ಘಟ ಕೂತ ಮನೆಯಿಂದ ಬೆಂಕಿ, ಉಪ್ಪು, ಹಾಲು ಯಾವುದೂ ಹೊಸ್ತಿಲು ದಾಟುವಂತಿಲ್ಲ. ಮೊದಲ ದಿನ ಸಂಜೆಯ ಆರತಿಯ ತನಕ ಮನೆಯ ಹಿರಿಯಳು ಮಾತಾಡುವಂತಿಲ್ಲ. ಇದನ್ನು ಆ ಓಣಿಯಲ್ಲಿ ಯಾರೂ ಯಾರಿಗೂ ಹೇಳುವುದಿಲ್ಲ, ಎಲ್ಲರಿಗೂ ಗೊತ್ತು. ಹಾಗಾಗಿ ತಿರುಮಲೇಶನಿಗೆ ಹೇಳಬೇಕೆಂದು ಭವಾನಿಗೆ ತೋಚಲೇ ಇಲ್ಲ.

ಹೊಸ ಪೇಯವನ್ನು ಅತಿಥಿಗಳಿಗೆ ಕೊಡುವುದು ಅದೇ ಸಂಜೆ ಎಂದು ನಿಗದಿಯಾಗಿತ್ತು. ಅಡುಗೆ ಹೆಚ್ಚಿದ್ದರಿಂದ ಅವಳು ಮಧ್ಯಾಹ್ನವೇ ಹೋಟೆಲಿಗೆ ಹೋದಳು.

ತಿರುಮಲೇಶ ದಿನದ ಹೊತ್ತಿಗೆ ಸರಿಯಾಗಿ ಬಾಣಲೆ ಹಿಡಿದು ಬಂದ. ಶೇಖರಮ್ಮ ಬಾಗಿಲಿಗೆ ಬಂದಳು. ಕೆಂಡ ಕೇಳಿದ. ಅವಳು ತಲೆ ಅಡ್ಡಡ್ಡ ಆಡಿಸಿದಳು. ಭವಾನಿಯವರು ಏನಾದರೂ ಹೇಳಿದರೇ ಎಂದು ಕೇಳಿದ. ಅವಳು ಕೈಯಿಂದ ಹೋಗು ಎಂಬಂತೆ ಸನ್ನೆ ಮಾಡಿ, ದೀಪಕ್ಕೆ ಗಾಳಿ ತಾಗದಂತೆ ಬಾಗಿಲು ಮುಂದೆ ಮಾಡಿದಳು.

ಬೇರೆ ಯಾವನೇ ಆಗಿದ್ದರೂ ಮುದುಕಿಗೆ ಏನೋ ಆಗಿದೆ ಎಂದುಕೊಂಡು ಹೋಗುತ್ತಿದ್ದ. ತಿರುಮಲೇಶನ ಮನೆಯವರು ಯಂಕೋಬ ದೇವರ ಒಕ್ಕಲು. ಅವರ ಮನೆಯಲ್ಲಿ ಘಟವಿಲ್ಲ. ಆ ಒಂಬತ್ತು ದಿನ ಹೊಸ್ತಿಲಿಗೆ ಯಾರು ಬಂದರೂ, ಏನು ಕೇಳಿದರೂ, ಬರಿಗೈಯಲ್ಲಿ ಕಳಿಸಬಾರದು ಎಂಬುದೇ ಅವರ ವ್ರತ. ಮೇಲಾಗಿ ಅವನಿಗೆ ಒಂದು ಹಳೆಯ ಗಾಯವಿತ್ತು. ಕುಡಿದು ಊರಿಗೆ ಮರಳಿದ ದಿನಗಳಲ್ಲಿ ಅಣ್ಣ ಅವನನ್ನು ತಿದ್ದಲು ಓಣಿಯವರಿಗೆಲ್ಲ ಹೇಳಿ ನೀರು, ಬೆಂಕಿ ಬಂದ್ ಮಾಡಿಸಿದ್ದ. ಆ ಸೀಮೆಯಲ್ಲಿ ಒಬ್ಬನಿಗೆ ಬೆಂಕಿ ಕೊಡುವುದಿಲ್ಲ ಎಂದರೆ, ನೀನು ನಮಗೆ ಸತ್ತಂತೆ ಎಂದೇ ಅರ್ಥ.

*ತಾಯಿಗೆ ಎಲ್ಲ ಹೇಳಿದ್ದಾಳೆ. ಇದೇ ಅವಳ ಉತ್ತರ.*

ಅವನು ಪೇಟೆಯಲ್ಲಿ ಇದ್ದಿಲು ಕೊಂಡು ಹೋಟೆಲಿಗೆ ಬಂದ.

ಸಂಜೆ ಅತಿಥಿಗಳು ಮೆಚ್ಚಿದರು. ಉಮಾಪತಿ ಮೇಜಿನಿಂದ ಮೇಜಿಗೆ ಹೋಗಿ, ತಾನು ರುಚಿಯನ್ನೇ ನೋಡದ ಪೇಯವನ್ನು ಹೊಗಳಿದ. ಒಂದು ಖಾಲಿ ಲೋಟ ಅಡುಗೆಮನೆಗೆ ತೊಳೆಯಲು ಬಂದಾಗ ಭವಾನಿ ಅದನ್ನು ಮೂಗಿಗೆ ಹಿಡಿದಳು. ಅದು ತನ್ನ ಮನೆಯ ಹೊಗೆಯಲ್ಲ. ಅಂಗಡಿಯ ಇದ್ದಿಲು. ಘಟ ಕೂತ ದಿನ ಕೆಂಡ ಸಿಗುವುದಿಲ್ಲ ಎಂಬುದು ಅವಳಿಗೆ ಉಸಿರಾಟದಷ್ಟು ಸಹಜ. ಈ ಸೀಮೆಯವನಿಗೂ ಅದು ಗೊತ್ತೇ ಇರುತ್ತದೆ, ಆದ್ದರಿಂದ ಅವನು ಮನೆಯ ಕಡೆಗೆ ಹೋಗಿಯೇ ಇಲ್ಲ ಎಂದುಕೊಂಡಳು. ಆದರೂ ಉತ್ತರಕ್ಕಾದರೂ ಬರುತ್ತೇನೆಂದಿದ್ದನಲ್ಲ...

ಬಾರಿನ ಬಾಗಿಲಲ್ಲಿ ಅವನನ್ನು ತಡೆದು, ಎಲ್ಲ ಹೇಗಾಯಿತೆಂದು ಕೇಳಿದಳು.

"ಛಲೋ ಆತ್ರಿ. ನನ್ನ ಕೆಲಸ ಮುಗೀತು," ಎಂದ ಅವನು. ಅವಳ ಮುಖ ನೋಡಲಿಲ್ಲ.

ನಿನ್ನೆ ಹೇಳಿದ್ದಕ್ಕೆ ಇವನಿಗೆ ಈಗ ಪಶ್ಚಾತ್ತಾಪ ಎಂದು ಅವಳು ತಿಳಿದಳು. ಹೂಂ ಎನ್ನಲು ಬಂದವಳು ಅದನ್ನು ಬಿಟ್ಟು, ಹಂಗಾರ ಸರಿ ಎಂದಳು.

ಮರುದಿನ ಅವನಿರಲಿಲ್ಲ. ಫೋನಿನಲ್ಲೇ ತಿಳಿಸಿ ಕೆಲಸ ಬಿಟ್ಟಿದ್ದಾನೆ ಎಂದ ಉಮಾಪತಿ. ಅವಳು ಫೋನ್ ಮಾಡಲಿಲ್ಲ. ಬೇಡವಾದವನ ಹಿಂದೆ ಬೀಳುವುದು ಹೇಗೆ? ದಿನವೂ ಬೆಳಿಗ್ಗೆ ದೀಪಕ್ಕೆ ಎಣ್ಣೆ ಹಾಕಿದಳು, ಹೋಟೆಲಿಗೆ ಹೋದಳು, ಬಂದಳು. ಘಟದ ಮಣ್ಣಿನಲ್ಲಿ ಸಸಿ ಏಳುವುದನ್ನು ನೋಡಿದಳು. ತಾಯಿಯ ಮುಂದೆ ಅವನ ಹೆಸರೆತ್ತಲಿಲ್ಲ. ಮಗಳು ಎತ್ತದ ಹೆಸರನ್ನು ತಾಯಿಯೂ ಎತ್ತಲಿಲ್ಲ.

ವಿಜಯದಶಮಿಯ ಸಂಜೆ ಬನ್ನಿ ಎಲೆ ಕೊಟ್ಟು ಕಾಲಿಗೆ ಬಿದ್ದ ಮಗಳ ತಲೆ ಮುಟ್ಟಿ, ಶೇಖರಮ್ಮ ಬಂಗಾರದಂಗ ಇರು ಎಂದಳು. ಆಮೇಲೆ, ಆ ಕೆಂಡದ ಹುಡುಗ ಹಬ್ಬಕ್ಕೂ ಬರಲಿಲ್ಲವಲ್ಲ ಎಂದು ಕೇಳಿದಳು.

"ಘಟ ಹಾಕಿದ ದಿನ ಬಂದಿದ್ದನವಾ. ಬಾಯಿ ಬಿಡುವಂಗಿದ್ದಿಲ್ಲ, ಕೈ ಮಾಡಿ ಕಳಿಸಿದೆ. ನೀ ಅವಂಗ ಹೇಳಿರ್ತಿ ಅಂತ ಮಾಡಿದ್ದೆ."

ಭವಾನಿ ಎದ್ದು ನಿಂತಳು.

*ಬಂದಿದ್ದ... ಉತ್ತರಕ್ಕೆ ಬಂದಿದ್ದ.*

ಅವನ ಫೋನ್ ಬಂದ್ ಆಗಿತ್ತು. ಉಮಾಪತಿಗೆ ಮಾಡಿದಳು. ಹಬ್ಬದ ಮುಂದೆ ಕೆಟ್ಟ ಸುದ್ದಿ ಹೇಳಬಾರದೆಂದು ಸುಮ್ಮನಿದ್ದೆ ಎಂದ ಉಮಾಪತಿ. ತಿರುಮಲೇಶ ಊರಿಗೆ ಹೋದವನೇ ಕುಡಿಯಲು ಶುರು ಮಾಡಿದ್ದ. ರಕ್ತ ವಾಂತಿಯಾಗಿ ಕುಷ್ಟಗಿಗೆ, ಅಲ್ಲಿಂದ ಬಾಗಲಕೋಟೆಗೆ ಒಯ್ದಿದ್ದರು. ರಕ್ತ ನಿಂತಿತು. ಉಳಿದದ್ದು ಯಾವುದೂ ನಿಲ್ಲುವಂತಿರಲಿಲ್ಲ. ಮನೆಗೆ ಕರೆದುಕೊಂಡು ಹೋಗಿ ಎಂದಿದ್ದರು ವೈದ್ಯರು.

ತಾಯಿಗೆ ಎಲ್ಲವನ್ನೂ ಹೇಳುವ ಹೊತ್ತಿಗೆ ಭವಾನಿಯ ಕಣ್ಣಲ್ಲಿ ನೀರು ಉಳಿದಿರಲಿಲ್ಲ. ಶೇಖರಮ್ಮ ದೇವರ ಕಡೆಗೆ ಒಮ್ಮೆ ನೋಡಿದಳು. ದೇವರನ್ನು ಬೈಯುವುದೋ ತನ್ನನ್ನು ಬೈದುಕೊಳ್ಳುವುದೋ ಎಂದು ತಿಳಿಯದವಳ ನೋಟ ಅದು.

"ಹೋಗಿ ಏನ್ ಮಾಡ್ತೀಯವಾ?"

"ಗೊತ್ತಿಲ್ಲ."

"ಅವ ಉಳಿಯಂಗಿಲ್ಲ ಅಂತಾರ."

"ಹೂಂ, ಯವ್ವಾ. ಉಳಿಯಂಗಿಲ್ಲ."

ಶೇಖರಮ್ಮ ಎದ್ದು ಮಗಳ ಬ್ಯಾಗನ್ನು ಕೆಳಗಿಳಿಸಿದಳು.

ಮರುದಿನ ಬೆಳಗಿನ ಬಸ್ಸಿಗೆ ಭವಾನಿ ಹೊರಟಳು. ಗಂಗಾವತಿ ಬಿಟ್ಟು ಸ್ವಲ್ಪ ದೂರಕ್ಕೆ ಕಾಲುವೆಯ ಹಸಿರು ಮುಗಿಯಿತು. ಕನಕಗಿರಿ ದಾಟಿದ ಮೇಲೆ ಎರಡೂ ಬದಿ ಒಣಗಿದ ಮೆಕ್ಕೆಜೋಳ, ಹತ್ತಿ, ಮತ್ತೆ ಮೆಕ್ಕೆಜೋಳ. ತಾವರಗೇರಾ, ಕುಷ್ಟಗಿ. ಅಲ್ಲಿ ಬಸ್ಸು ಬದಲಿಸಿ ಹನುಮಸಾಗರ. ಇಡೀ ದಾರಿ ಅವಳು ಹೇಳಬೇಕಾದ ಮಾತುಗಳನ್ನು ಜೋಡಿಸುತ್ತಲೇ ಇದ್ದಳು. ಯಾವ ಮಾತಿನ ಕೊನೆಯಲ್ಲೂ ಅವನು ಬದುಕುತ್ತಿರಲಿಲ್ಲ.

ಬಾಗಿಲು ತೆರೆದವಳು ಅವನ ಅತ್ತಿಗೆ ಮುದಕಮ್ಮ. ಹೆಸರು ಕೇಳುತ್ತಲೇ ಅವಳ ಮುಖ ಗಟ್ಟಿಯಾಯಿತು.

"ಬೆಂಕಿ ಇಲ್ಲ ಅಂದ ಮನಿಯಾಕಿ ನೀನೇನು? ಮೂರು ವರ್ಷ ಹಲ್ಲು ಕಚ್ಚಿ ಕಾಯ್ದಿದ್ವಿ ಅವನ್ನ."

ಭವಾನಿ ಘಟದ ವಿಷಯ ಹೇಳಿದಳು. ತಾಯಿಯ ಮೌನದ ವಿಷಯ ಹೇಳಿದಳು. ಹೇಳುತ್ತಾ ಹೋದಂತೆ ಮುದಕಮ್ಮನ ಸಿಟ್ಟು ಇಳಿಯಿತು. ಇಳಿದ ಮೇಲೆ ಬಂದದ್ದು ಇನ್ನೂ ಕೆಟ್ಟದಾಗಿತ್ತು. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು, ಅಂದರೆ ಯಾರದೂ ತಪ್ಪಿಲ್ಲೇನು ಎಂದು ಕೇಳಿದಳು. ತಪ್ಪು ಯಾರದಾದರೂ ಆಗಿದ್ದರೆ ಇಬ್ಬರಿಗೂ ಹಗುರಾಗುತ್ತಿತ್ತು.

ಅವನು ದಾಳಿಂಬೆ ತೋಟದ ಶೆಡ್ಡಿನ ನೆರಳಲ್ಲಿ ಹೊರಸಿನ ಮೇಲೆ ಮಲಗಿದ್ದ. ಮುಖ ಬತ್ತಿಹೋಗಿತ್ತು, ಹೊಟ್ಟೆ ಉಬ್ಬಿತ್ತು. ಕಣ್ಣ ಬಿಳುಪು ಹಳದಿಗೆ ತಿರುಗಿತ್ತು. ಅವಳನ್ನು ನೋಡಿ ಏಳಲು ಹೋದ, ಆಗಲಿಲ್ಲ. ಭವಾನಿ ಹೊರಸಿನ ಅಂಚಿಗೆ ಕೂತಳು.

"ಯಾಕ ಬಂದ್ರಿ? ನೋಡುವಂಗ ಉಳಿದಿಲ್ಲ ನಾನು."

ಅವಳು ನಿಧಾನವಾಗಿ ಎಲ್ಲವನ್ನೂ ಹೇಳಿದಳು. ಅವನು ಕಣ್ಣು ಮುಚ್ಚಿ ಕೇಳಿದ. ಮುಚ್ಚಿದ ರೆಪ್ಪೆಯ ತುದಿಯಿಂದ ನೀರು ಕಿವಿಯ ಕಡೆಗೆ ಇಳಿಯಿತು.

"ಒಂದು ಫೋನ್ ಮಾಡಿ ಕೇಳಿದ್ರ ಮುಗೀತಿತ್ತು," ಎಂದ ಕೊನೆಗೆ.

"ನಾನೂ ಕೇಳಲಿಲ್ಲ."

"ಆ ದಿನ ಏನ್ ಹೇಳಾಕ ಬಂದಿದ್ರಿ?"

"ಹೂಂ ಅನ್ನಾಕ."

ಆಮೇಲೆ ಅವನು ತಾನೇ ಹೇಳತೊಡಗಿದ. ಅಮಾವಾಸ್ಯೆಯ ಹಿಂದಿನ ದಿನ ಇಬ್ಬರೂ ಸೇರಿ ಬೆರೆಸಿದ್ದರಲ್ಲಿ ಉಳಿದದ್ದನ್ನು, ಹೋಟೆಲು ಬಿಟ್ಟು ಬರುವಾಗ, ಒಂದು ಬಾಟಲಿಯಲ್ಲಿ ತಂದಿದ್ದ. ಕುಡಿಯಲು ಅಲ್ಲ. ಅವಳ ಒಲೆಯ ವಾಸನೆ ಅದರೊಳಗಿತ್ತು, ಅದಕ್ಕೆ. ಎರಡು ದಿನ ಬರೇ ಮೂಸಿದ. ಮೂರನೆಯ ದಿನ ಕುಡಿದ. ಆಮೇಲಿನದೆಲ್ಲ ಊರ ಅಂಗಡಿಯದು.

"ಹೆಂಗಿತ್ತು?" ಎಂದು ಕೇಳಿದಳು ಭವಾನಿ. ಕೇಳಬಾರದಿತ್ತು. ಆದರೆ ಅದು ಅವರಿಬ್ಬರೂ ಸೇರಿ ಮಾಡಿದ ಒಂದೇ ಒಂದು ವಸ್ತುವಾಗಿತ್ತು.

"ಛಲೋ ಇತ್ತು. ಭಾಳ ಛಲೋ ಇತ್ತು. ಅದ ಕೆಟ್ಟದ್ದು."

ಬಿಸಿಲು ಶೆಡ್ಡಿನ ತಗಡಿನ ಅಂಚಿಗೆ ಬಂದಿತ್ತು. ಅವಳು ಹೊರಸನ್ನು ನೆರಳಿಗೆ ಎಳೆದಳು. ನೀರು ಕುಡಿಸಿದಳು. ಅಳತೆ ಮೀರಿ ನೀರು ಕೊಡಬಾರದೆಂದು, ಊಟಕ್ಕೆ ಉಪ್ಪು ಹಾಕಬಾರದೆಂದು ಮುದಕಮ್ಮ ದೂರದಿಂದಲೇ ಕೂಗಿ ಹೇಳಿದಳು. ಉಪ್ಪಿಲ್ಲದ್ದನ್ನು ಅವನು ತಿನ್ನುವುದಿಲ್ಲ ಎಂದೂ ಹೇಳಿದಳು. ತಾನು ಮಾಡಿದರೆ ತಿನ್ನುತ್ತಾನೆ ಎಂದಳು ಭವಾನಿ.

ತಿರುಮಲೇಶ ಅವಳ ಬ್ಯಾಗನ್ನು ಆಗಲೇ ನೋಡಿದ್ದು. ಅದು ಒಂದು ದಿನಕ್ಕೆ ಬಂದವರ ಬ್ಯಾಗಾಗಿರಲಿಲ್ಲ.

"ಸಂಜಿ ಬಸ್ಸಿಗೆ ಹೋಗ್ರಿ. ಮುಂದಿನ ಅಮಾಸಿ ನಾ ನೋಡತೀನೋ ಇಲ್ಲೋ. ನಿಮಗ ಇದರಾಗ ಏನೂ ಸಿಗಂಗಿಲ್ಲ."

"ಗೊತ್ತೈತಿ."

"ಮತ್ತ್ಯಾಕ?"

"ನನಗ ನಿನ್ನ ಬಿಟ್ಟ ಬ್ಯಾರೆ ಎಲ್ಲೂ ಕುಂದ್ರಾಕ ಆಗವಲ್ದು. ಅಷ್ಟ."

ನೀವು ಎಂಬುದು ನೀನು ಆದದ್ದನ್ನು ಅವಳು ಗಮನಿಸಲಿಲ್ಲ. ಅವನು ಗಮನಿಸಿದ. ಹೊದಿಕೆಯ ಅಡಿಯಿಂದ ಕೈ ಹೊರಗೆ ತಂದು, ಹೊರಸಿನ ಅಂಚಿನ ಮೇಲಿದ್ದ ಅವಳ ಕೈಯನ್ನು ಹಿಡಿದ. ಹಿಡಿತದಲ್ಲಿ ಬಲವಿರಲಿಲ್ಲ. ಮೂರು ತಿಂಗಳ ಪರಿಚಯದಲ್ಲಿ ಅವನು ಅವಳನ್ನು ಮುಟ್ಟಿದ್ದು ಅದೇ ಮೊದಲು.

ತೋಟದ ಬದುವಿನ ಮೇಲೆ ಯಾರೋ ಹೆಂಗಸರು ಬುಟ್ಟಿ ಹೊತ್ತು ಹೋಗುತ್ತಿದ್ದರು. ನಡಿಗೆ ನಿಧಾನ ಮಾಡಿ ಇತ್ತಲೇ ನೋಡಿದರು.

"ಊರಾಗ ಕೇಳ್ತಾರ. ಯಾರಂತ ಹೇಳ್ಲಿ ನಿನ್ನ?"

"ಅಡಿಗಿಯಾಕಿ ಅನ್ನು."

"ಅಡಿಗಿಯಾಕಿ ಕೈ ಹಿಂಗ ಯಾರೂ ಹಿಡಿಯಂಗಿಲ್ಲ."

"ಹಂಗಾರ ಬಿಡು."

ಅವನು ಬಿಡಲಿಲ್ಲ.